ಪಾಠದಲ್ಲಿಲ್ಲದ ಕೇರಿ

ನಮ್ಮಜ್ಜಿ ಎದುರಿಗೆ ಕೂತವರ ಹತ್ತಿರ ನಾಲ್ಕು ಮಾತಾಡಿದರೆ ಸಾಕು, ಅವರು ಯಾರ ಪೈಕಿ ಅಂತ ಹೇಳಿಬಿಡುತ್ತಿದ್ದಳು. ಇದನ್ನು ನಾನು ಹೊಗಳಿಕೆಗೆ ಹೇಳುತ್ತಿಲ್ಲ, ತೆಗಳಿಕೆಗೂ ಅಲ್ಲ. ಕೆಲವರು ಜೋಳ ಕೈಯಲ್ಲಿ ಹಿಡಿದು ಇದು ಯಾವ ನೆಲದ್ದು ಅಂತ ಹೇಳುತ್ತಾರಲ್ಲ, ಹಂಗೆ. ಈ ವಿದ್ಯೆ ಅವಳಿಗೆ ಬಂದದ್ದು ದಾವಣಗೆರೆಯ ಮಂಡಿಪೇಟೆಯಲ್ಲಿ. ಅಲ್ಲಿ ಅಜ್ಜನದು ಕಾಳಿನ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದಾಗ ಅವರಿಗೆ ನೀರು ಕೊಡುವುದು ಅಜ್ಜಿಯ ಕೆಲಸ. ಯಾರಿಗೆ ಹಿತ್ತಾಳೆ ಚೊಂಬಿನಲ್ಲಿ ಕೊಡಬೇಕು, ಯಾರಿಗೆ ಬೊಗಸೆಗೆ ಹುಯ್ಯಬೇಕು, ಯಾರನ್ನು ಕಟ್ಟೆ ಮೇಲೆ ಕೂರಿಸಬೇಕು, ಯಾರನ್ನು ಗಾಡಿ ಹತ್ತಿರವೇ ನಿಲ್ಲಿಸಬೇಕು, ಇದೆಲ್ಲ ಅವಳು ಚೊಂಬು ತುಂಬಿಕೊಂಡು ಹೊರಗೆ ಬರುವುದರೊಳಗೆ ತೀರ್ಮಾನವಾಗಬೇಕಿತ್ತು. ಅಜ್ಜ ಹೋದ ಮೇಲೆ ಅಂಗಡಿ ದೊಡ್ಡಪ್ಪನ ಪಾಲಿಗೆ ಬಂತು. ಅಪ್ಪ ಹರಿಹರದಲ್ಲಿ ಟ್ರೇನಿಂಗ್ ಸ್ಕೂಲಿನ ಮೇಷ್ಟ್ರಾದ, ಅಂದರೆ ಮೇಷ್ಟ್ರಾಗುವವರಿಗೆ ಪಾಠ ಹೇಳುವ ಮೇಷ್ಟ್ರು. ಅಜ್ಜಿ ನಮ್ಮ ಜತೆ ಹರಿಹರಕ್ಕೆ ಬಂದಳು. ವಿದ್ಯೆಯನ್ನೂ ಕಟ್ಟಿಕೊಂಡೇ ಬಂದಳು.

ಹರಿಹರದ ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿತ್ತು. ಬೀದಿಗೆ ಒಂದು ಪಡಸಾಲೆ, ಪಡಸಾಲೆಯ ಎಡಕ್ಕೆ ಒಂದು ಸಣ್ಣ ಕೋಣೆ, ಆಮೇಲೆ ನಡುಮನೆ, ಅದರಾಚೆ ಅಡಿಗೆಮನೆ, ಬಚ್ಚಲು, ಕೊನೆಗೆ ಒಂದು ನುಗ್ಗೆಮರ ಇದ್ದ ಹಿತ್ತಲು. ಪಡಸಾಲೆ ಅಪ್ಪನ ರಾಜ್ಯ, ನಡುಮನೆಯಿಂದ ಆಚೆ ಅಜ್ಜಿಯದು. ಅವ್ವನಿಗೆ ಅಂತ ಯಾವ ಜಾಗವೂ ಇರಲಿಲ್ಲ, ಎಲ್ಲ ಜಾಗದ ಕೆಲಸ ಮಾತ್ರ ಇತ್ತು. ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಪಾಠದ ತಾಲೀಮು ನಡೆಯುತ್ತಿತ್ತು. ಟ್ರೇನಿಂಗಿನವರು ಒಬ್ಬೊಬ್ಬರಾಗಿ ಎದ್ದು ಪಾಠ ಮಾಡಬೇಕು, ಉಳಿದವರು ಗೋಡೆಗೆ ಒರಗಿ ನೋಡಬೇಕು, ಅಪ್ಪ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತು ತಪ್ಪು ಹೇಳುತ್ತಿದ್ದ. ಪಾಠ ಕೇಳುವ ಮಕ್ಕಳು ನಾವು, ಓಣಿಯ ಹುಡುಗ ಹುಡುಗಿಯರೆಲ್ಲ. ಕಾಯಿಪಲ್ಯ ಮಾರುವವರ ಮಕ್ಕಳು, ಗಾಡಿ ಹೊಡೆಯುವವರ ಮಕ್ಕಳು, ನನ್ನ ಜತೆಯವಳಾದ ಬಳೆಗಾರರ ಮುಮ್ತಾಜ್. ಪಾಠ ಮುಗಿದ ಮೇಲೆ ಅವ್ವ ಎಲ್ಲರಿಗೂ ಶೇಂಗಾ ಹಾಕಿದ ಖಾರ ಮಂಡಕ್ಕಿ ಕೊಡುತ್ತಿದ್ದಳು. ನಾವು ಬರುತ್ತಿದ್ದದ್ದು ಮಂಡಕ್ಕಿಗೆ. ಅಪ್ಪನ ಹೊಸ ವಿದ್ಯಾಪದ್ಧತಿಗೆ ಅಂತ ಅಪ್ಪ ಒಬ್ಬನೇ ತಿಳಿದಿದ್ದ.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಮೇಷ್ಟ್ರಾದವನು ಮಗುವನ್ನು ಜಾತಿ ಕೇಳಬಾರದು, ಅದರ ಅಪ್ಪ ಏನು ಕೆಲಸ ಮಾಡುತ್ತಾನೆ ಅಂತ ಕೇಳಬಾರದು, ಯಾವ ಓಣಿ ಅಂತಲೂ ಕೇಳಬಾರದು. ಆಗೆಲ್ಲ ಮೇಷ್ಟ್ರುಗಳು ಹುಡುಗರನ್ನು ಕರೆಯುತ್ತಿದ್ದದ್ದೇ ಹಂಗೆ. ಕುಂಬಾರ ಏಳೋ, ಅಗಸರವನೇ ಇಲ್ಲಿ ಬಾ, ಏ ಸಾಬರ ಹುಡುಗ ಸುಮ್ನಿರು. ಅಪ್ಪನಿಗೆ ಅದು ಕೇಳಿದರೆ ಮೈ ಉರಿಯುತ್ತಿತ್ತು. ಟ್ರೇನಿಂಗಿನವರಿಗೆ ಅವನು ಹೇಳುತ್ತಿದ್ದದ್ದು ಒಂದೇ ಮಾತು, ನಿಮ್ಮ ಮುಂದೆ ಕೂತಿರೋದು ಹುಡುಗ, ಹುಡುಗನ ಬೆನ್ನ ಹಿಂದೆ ಏನೈತೆ ಅನ್ನೋದು ನಿಮಗೆ ಬ್ಯಾಡ. ಈ ಮಾತು ಎಷ್ಟು ಸಲ ಕೇಳಿದ್ದೇವೆಂದರೆ ನಾನು, ನನ್ನ ತಮ್ಮ ಅಪ್ಪನ ಹಾಗೆ ಕೈ ಹಿಂದೆ ಕಟ್ಟಿಕೊಂಡು ಹಿತ್ತಲಲ್ಲಿ ಅದನ್ನೇ ಆಡಿ ನಗುತ್ತಿದ್ದೆವು. ಮನೆಯಲ್ಲೂ ಅದೇ ಕಾಯಿದೆ ತಂದ. ಮನೆಗೆ ಬಂದವರನ್ನು ಯಾರ ಪೈಕಿ ಅಂತ ಯಾರೂ ಕೇಳಕೂಡದು. ಯಾರೂ ಅಂದರೆ ಅಜ್ಜಿ.

ಅಜ್ಜಿ ಮಗನ ಮಾತು ಮೀರಲಿಲ್ಲ. ಯಾರ ಪೈಕಿ ಅನ್ನುವ ಮಾತನ್ನು ಬಾಯಿಂದ ತೆಗೆದೇಬಿಟ್ಟಳು. ಅದರ ಬದಲು ಹೆಸರೇನಪ್ಪ ಅಂತ ಕೇಳುವಳು, ಮನೆದೇವರು ಯಾವುದು, ಸೋಮವಾರ ಒಪ್ಪತ್ತು ಇರ್ತೀರೋ ಹೆಂಗೆ, ಊರಾಗ ನಿಮ್ಮನಿ ಎಲ್ಲಿ ಬರ್ತೈತೆ, ಅಷ್ಟೇ. ಬಂದವರು ಅಯ್ಯೋ ಪಾಪ, ಮುದುಕಿ ಎಷ್ಟು ಅಂತಃಕರಣದಿಂದ ವಿಚಾರಿಸುತ್ತಾಳೆ ಅಂದುಕೊಂಡು ಎಲ್ಲ ಹೇಳುತ್ತಿದ್ದರು. ಅಷ್ಟರೊಳಗೆ ಅಜ್ಜಿಯ ತಲೆಯೊಳಗೆ ಕೂಡಿ ಕಳೆದು ಎಲ್ಲ ಮುಗಿದು, ಯಾವ ಲೋಟದಲ್ಲಿ ಚಹಾ ಕೊಡಬೇಕು ಅನ್ನುವುದು ಅವ್ವನಿಗೆ ಕಣ್ಣಲ್ಲೇ ಹೋಗುತ್ತಿತ್ತು. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ, ನೋಡಿದರೂ ನೋಡದವನ ಹಾಗೆ ಇರುತ್ತಿದ್ದ.

ಬಸಮ್ಮಕ್ಕ ನಮ್ಮ ಮನೆಗೆ ಬಂದದ್ದು ಹಿಂಗಿರುವಾಗ. ಆ ವರ್ಷ ಟ್ರೇನಿಂಗಿಗೆ ಸೇರಿದ ಹೆಣ್ಣುಮಕ್ಕಳೇ ಕಡಿಮೆ. ಅವಳು ಕೊಂಡಜ್ಜಿ ಆಚೆಯ ಒಂದು ಹಳ್ಳಿಯವಳು. ದಾವಣಗೆರೆಯಲ್ಲಿ ಯಾರೋ ನೆಂಟರ ಮನೆಯಲ್ಲಿದ್ದುಕೊಂಡು ರೈಲಿಗೆ ಬಂದುಹೋಗುತ್ತಿದ್ದಳು. ರೈಲು ತಡವಾದ ದಿನವೆಲ್ಲ ಗೈರುಹಾಜರಿ. ಹಾಜರಿ ಇನ್ನಷ್ಟು ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದರು. ಹರಿಹರದಲ್ಲಿ ರೂಮಿಗೆ ಸುತ್ತಿದಳು. ಹೋದ ಹೋದ ಮನೆಯಲ್ಲೆಲ್ಲ ಮೊದಲು ಅದೇ ಪ್ರಶ್ನೆ, ಉತ್ತರ ಕೇಳಿದ ಮೇಲೆ ರೂಮು ನೆನ್ನೇನೇ ಹೋಯ್ತು ಅನ್ನುವ ಮಾತು. ರೂಮಿಲ್ಲದಿದ್ದರೆ ಟ್ರೇನಿಂಗು ಬಿಟ್ಟು ಊರಿಗೆ ಹೋಗಬೇಕು, ಹೋದರೆ ಮದುವೆ ಮಾಡಿಬಿಡುತ್ತಾರೆ, ಅಲ್ಲಿಗೆ ಅವಳ ಓದು ಮುಗಿಯಿತು. ಅಪ್ಪ ಇದನ್ನು ಕೇಳಿ, ನಮ್ಮ ಪಡಸಾಲೆಯ ಪಕ್ಕದ ಕೋಣೆ ಖಾಲಿ ಐತೆ, ಬಂದಿರಮ್ಮ ಅಂದುಬಿಟ್ಟ. ಅವಳು ಯಾರ ಪೈಕಿ ಅನ್ನುವುದು ಅವನಿಗೆ ಸ್ಕೂಲಿಗೆ ಸೇರಿದ ದಿನದಿಂದ ಗೊತ್ತಿತ್ತು. ಮನೆಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ. ತಾನೇ ಮಾಡಿದ ಕಾಯಿದೆಯ ಮರೆಯಲ್ಲಿ ನಿಂತುಕೊಂಡ.

ಅವಳು ಒಂದು ತಗಡಿನ ಟ್ರಂಕು ಹಿಡಿದು ಬಂದು ಪಡಸಾಲೆಯಲ್ಲಿ ನಿಂತಳು. ಕಪ್ಪಗೆ, ಎತ್ತರಕ್ಕೆ, ತಲೆ ಬಿಗಿಯಾಗಿ ಬಾಚಿ ಜಡೆ ಹಾಕಿದ ಹುಡುಗಿ. ಅಜ್ಜಿ ಅವಳನ್ನು ಚಾಪೆ ಮೇಲೆ ಕೂರಿಸಿಕೊಂಡು ಶುರುಮಾಡಿದಳು.

"ಏನಮ್ಮ ನಿನ್ನ ಹೆಸರು?"

"ಬಸಮ್ಮ ಅಂತ್ರಿ."

"ಮನೆದೇವ್ರು?"

"ಕೊಟ್ಟೂರ ಬಸಪ್ಪ ರೀ."

"ಸೋಮವಾರ?"

"ಒಪ್ಪತ್ತು ಇರ್ತೀವ್ರಿ."

"ಊರಾಗ ನಿಮ್ಮನಿ ಎಲ್ಲಿ ಬರ್ತೈತೆ?"

"ಕೇರಿಯಾಗ ಐತ್ರಿ ಅಜ್ಜಿ."

ಅಜ್ಜಿಗೆ ಎಡಗಿವಿ ಸ್ವಲ್ಪ ಮಂದ. ನಮ್ಮ ಕಡೆ ಮನೆಗೆ ಮನಿ ಅನ್ನುವ ಹಾಗೆ ಕೆರೆಗೆ ಕೆರಿ ಅಂತಾರೆ. ಕೊಂಡಜ್ಜಿ ಕಡೆ ಅಂದ ಕೂಡಲೇ ಯಾರಿಗಾದರೂ ನೆನಪಾಗುವುದು ಕೆರೆ. ಬಸಮ್ಮಕ್ಕ ಹೇಳಿದ್ದು ಕೇರಿ, ಅಜ್ಜಿಗೆ ಕೇಳಿದ್ದು ಕೆರಿ. ನಡುವೆ ಇದ್ದದ್ದು ಒಂದು ದೀರ್ಘ. ಕೆರಿ ದಂಡಿ ಮ್ಯಾಲೇನು, ಚಲೋ ಆತು ಬಿಡು, ನೀರಿಗೆ ತಾಪತ್ರಯ ಇಲ್ಲ ಅಂದಳು ಅಜ್ಜಿ. ಬಸಮ್ಮಕ್ಕ ಬಾಯಿ ತೆರೆದವಳು ಹಂಗೇ ಮುಚ್ಚಿಕೊಂಡಳಂತೆ. ಇದನ್ನು ಅವಳೇ ನನಗೆ ಬಹಳ ವರ್ಷಗಳ ಮೇಲೆ ಹೇಳಿದ್ದು. ಆ ಹೊತ್ತಿಗೆ ಅಜ್ಜಿಯ ಲೆಕ್ಕ ಮುಗಿದುಹೋಗಿತ್ತು. ಹೆಸರು ಬಸಮ್ಮ, ದೇವರು ಬಸಪ್ಪ, ಸೋಮವಾರ ಒಪ್ಪತ್ತು, ಇನ್ನೇನು ಬೇಕು, ನಮ್ಮೋರೇ. ಮಂಡಿಪೇಟೆಯಲ್ಲಿ ಒಂದು ದಿನವೂ ತಪ್ಪದವಳು ಹರಿಹರದಲ್ಲಿ ತಪ್ಪಿದಳು. ಎದ್ದು ಬಸಮ್ಮಕ್ಕನ ಕೈ ಹಿಡಿದು ಸೀದಾ ಅಡಿಗೆಮನೆಗೆ ಕರಕೊಂಡು ಹೋದಳು.

ಆಮೇಲಿನ ತಿಂಗಳುಗಳನ್ನು ನೆನೆಸಿಕೊಂಡರೆ ನನಗೆ ಮೊದಲು ಕೇಳಿಸುವುದು ರೊಟ್ಟಿ ಬಡಿಯುವ ಸಪ್ಪಳ. ಅಜ್ಜಿಗೆ ಮುಂಗೈ ನೋವು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ, ಅವ್ವ ಬಡಿದದ್ದು ಅವಳಿಗೆ ಸೇರುತ್ತಿರಲಿಲ್ಲ. ಬಸಮ್ಮಕ್ಕನ ರೊಟ್ಟಿ ಅಂಚಿನವರೆಗೂ ಒಂದೇ ತೆಳು. ಅಜ್ಜಿ ಒಲೆ ಮುಂದೆ ಕೂತು ಬಿಸಿ ರೊಟ್ಟಿಗೆ ಶೇಂಗಾಚಟ್ನಿ, ಬದನೆಕಾಯಿ ಪಲ್ಯ ಹಚ್ಚಿಕೊಂಡು ತಿನ್ನುತ್ತಾ, ಹಿಂಗ ಬಡಿಯೋಕ ಕಲಿಯೇ ಅಂತ ಅವ್ವನನ್ನು ಚುಚ್ಚುವಳು. ಬಸಮ್ಮಕ್ಕ ಲಿಂಗಪೂಜೆ ಮಾಡದೆ ಊಟಕ್ಕೆ ಕೂರುತ್ತಿದ್ದಳು. ಅದಕ್ಕೂ ಅಜ್ಜಿ ತಾನೇ ಕಾರಣ ಹುಡುಕಿಟ್ಟುಕೊಂಡಿದ್ದಳು. ಓದಿದೋರೆಲ್ಲ ಹಿಂಗೇ ಆಗ್ಯಾರೆ, ನನ್ನ ಮಗನೇ ಮಾಡಲ್ಲ, ಈ ಹುಡುಗಿಗೇನು ಹೇಳಲಿ ಅಂತ ಗೊಣಗಿ, ವಿಭೂತಿ ತಂದು ಅವಳ ಹಣೆಗೆ ತಾನೇ ಹಚ್ಚುವಳು. ಬಸಮ್ಮಕ್ಕ ಕಣ್ಣು ಮುಚ್ಚಿ ಹಣೆ ಕೊಡುತ್ತಿದ್ದಳು. ಅವಳು ನಮ್ಮ ಮನೆಯಲ್ಲಿ ಒಂದೂ ಸುಳ್ಳು ಹೇಳಿದವಳಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕಂದರೆ ಆಮೇಲೆ ದಾವಣಗೆರೆಯ ನಮ್ಮ ನೆಂಟರೆಲ್ಲ ಆಕೆ ಸುಳ್ಳು ಹೇಳಿ ಮನೆ ಹೊಕ್ಕಳು ಅಂತ ಆಡಿಕೊಂಡರು.

ಅವ್ವನಿಗೆ ಗೊತ್ತಾದದ್ದು ಬೇರೆ ರೀತಿ. ಬಸಮ್ಮಕ್ಕ ಉಂಡ ತಟ್ಟೆಯನ್ನು ತಾನೇ ತೊಳೆದು, ಒಳಗೆ ತಾರದೆ, ಹಿತ್ತಲ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ ಬರುತ್ತಿದ್ದಳು. ದಿನಾ ಹಂಗೇ. ಅವ್ವ ನೋಡಿದಳು, ಯೋಚನೆ ಮಾಡಿದಳು, ತಿಳಿದುಕೊಂಡಳು. ಏನೂ ಕೇಳಲಿಲ್ಲ. ದಿನಾ ಆ ತಟ್ಟೆಯನ್ನು ತಂದು ನಮ್ಮ ತಟ್ಟೆಗಳ ಮೇಲೆ ಜೋಡಿಸುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಹಿತ್ತಲಲ್ಲಿ ನನ್ನ ತಲೆ ಬಾಚುತ್ತಾ ಕೂತಿದ್ದವಳು ಬಸಮ್ಮಕ್ಕನನ್ನು ಕರೆದು ಹೇಳಿದಳು.

"ನೀ ದಿನಾ ಹೊರಗಿಡೋದು, ನಾ ದಿನಾ ಒಳಗಿಡೋದು. ನನಗೂ ಬ್ಯಾರೆ ಕೆಲ್ಸ ಐತೆ ಬಸಮ್ಮ."

ಬಸಮ್ಮಕ್ಕ ಅಳುತ್ತಾಳೇನೋ ಅನ್ನಿಸಿತು ನನಗೆ, ಯಾಕೆ ಅಂತ ಗೊತ್ತಾಗಲಿಲ್ಲ. ಅವತ್ತಿನಿಂದ ಅವಳು ತಟ್ಟೆ ಒಳಗೇ ಇಟ್ಟಳು.

ಪರೀಕ್ಷೆ ಹತ್ತಿರ ಬಂತು. ಕೊನೆಗೊಂದು ಪಾಠ ಇರುತ್ತದೆ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಮಾಡಬೇಕು, ಅದರಲ್ಲಿ ಪಾಸಾದರೆ ಗಂಡಸರು ಮೇಷ್ಟ್ರು, ಹೆಂಗಸರು ಅಕ್ಕೋರು. ಬಸಮ್ಮಕ್ಕನ ಪಾಲಿಗೆ ಬಂದದ್ದು ನಮ್ಮ ಊರು ಅನ್ನುವ ಪಾಠ. ಅಪ್ಪ ಅವಳನ್ನು ನಡುಮನೆಯಲ್ಲಿ ಕೂರಿಸಿ ಪಾಠ ತಿದ್ದುತ್ತಿದ್ದ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು, ಮಕ್ಕಳ ಮನೆ ಓಣಿ ಅಂತೆಲ್ಲ ಹೋಗಬೇಡ, ಅದು ಜಾತಿ ಕೇಳಿದ ಹಾಗಾಗುತ್ತದೆ ಅಂದ. ಬಸಮ್ಮಕ್ಕ ಆವರೆಗೆ ಅಪ್ಪನಿಗೆ ಎದುರಾಡಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ದನಿ ಎತ್ತದೆ, ಆದರೆ ಬಿಡದೆ ಮಾತಾಡಿದಳು. ನಾನು ಪಕ್ಕದಲ್ಲೇ ಕೂತು ಮಗ್ಗಿ ಬರೆಯುತ್ತಿದ್ದೆ. ಅಜ್ಜಿ ಅವತ್ತು ಮಠಕ್ಕೆ ಹೋಗಿದ್ದಳು.

"ಸರ್, ಈ ಪಾಠದಾಗ ಗುಡಿ ಐತೆ, ಚಾವಡಿ ಐತೆ, ಸಂತೆ ಐತೆ, ಕೆರಿ ಐತೆ. ಕೇರಿ ಇಲ್ಲ. ನಾನು ಇದನ್ನ ಓದುವಾಗ ನಮ್ಮ ಮೇಷ್ಟ್ರು ನನ್ನ ಏನೂ ಕೇಳ್ಲಿಲ್ಲ. ಒಳ್ಳೇರು ಅವರು, ನಿಮ್ಮಂಗೆ. ಎಲ್ಲ ಹುಡುಗ್ರೂ ಗುಡಿ ಪಕ್ಕ ನಮ್ಮನಿ, ಚಾವಡಿ ಹಿಂದೆ ನಮ್ಮನಿ ಅಂತ ಹೇಳಿದ್ರು. ನಾನು ಎಲ್ಲಿ ಅಂತ ತೋರಿಸ್ಲಿ?"

ಅಪ್ಪ ಹೇಳಿದ, ಅದಕ್ಕೇ ಅಲ್ಲವೇನಮ್ಮ ಕೇಳಬಾರದು ಅನ್ನೋದು, ಯಾವ ಮಗುವಿಗೂ ಮುಜುಗರ ಆಗಬಾರದು ಅಂತ.

"ಕೇಳಿದ್ದಕ್ಕಲ್ರಿ ಸರ್ ಮುಜುಗರ ಆಗಿದ್ದು. ನಮ್ಮನಿ ಊರೊಳಗೇ ಇಲ್ಲ ಅನ್ನಂಗೆ ಮಾಡಿದ್ರಲ್ಲ, ಅದಕ್ಕೆ."

ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದ. ಮಾತು ತಿರುಗಿಸಬೇಕಾದಾಗ ಅವನು ಮಾಡುವುದೇ ಅದು. ಭಾನುವಾರ ತಾಲೀಮಿನಲ್ಲಿ ಮಾಡಿ ತೋರಿಸಮ್ಮ, ನೋಡೋಣ ಅಂದ.

ಭಾನುವಾರ ಪಡಸಾಲೆ ತುಂಬಿತ್ತು. ಅಜ್ಜಿ ನಡುಮನೆಯ ಹೊಸ್ತಿಲ ಒಳಗೆ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದಳು. ಬಸಮ್ಮಕ್ಕನ ಪಾಠ ಅಂದರೆ ಅವಳಿಗೆ ಒಂಥರಾ ಹೆಮ್ಮೆ. ಬಸಮ್ಮಕ್ಕ ಬೋರ್ಡಿನ ಮೇಲೆ ಊರು ಬರೆದಳು. ಗುಡಿ, ಚಾವಡಿ, ಸಂತೆಮಾಳ, ಕೆರೆ. ಪುಸ್ತಕದ ಚಿತ್ರ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಸೀಮೆಸುಣ್ಣ ಎತ್ತದೆ ಊರಬಾಗಿಲಿಂದ ಆಚೆಗೆ ಒಂದು ದಾರಿ ಎಳೆದಳು, ದಾರಿಯ ಕೊನೆಗೆ ಒತ್ತೊತ್ತಾಗಿ ಸಣ್ಣ ಸಣ್ಣ ಮನೆಗಳನ್ನು ಬರೆದಳು. ಹಿಂದೆ ಒರಗಿ ಕೂತಿದ್ದ ಟ್ರೇನಿಂಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಮ್ತಾಜ್ ಯಾವ ಭಾನುವಾರವೂ ಬಾಯಿ ಬಿಟ್ಟವಳಲ್ಲ, ಮಂಡಕ್ಕಿ ತಿಂದು ಹೋಗುವವಳು. ಅವತ್ತು ಅವಳೇ ಕೇಳಿದಳು, ಅಲ್ಲಿ ಯಾರಿರ್ತಾರ್ರಿ ಅಕ್ಕೋರೇ ಅಂತ.

"ನಾವಿರ್ತೀವಿ. ಇದು ಕೇರಿ, ಮಾದಿಗರ ಕೇರಿ. ಈ ಎರಡನೇ ಮನಿ ನಮ್ಮದು. ನಮ್ಮಪ್ಪ ಇಲ್ಲಿ ಕೂತು ಕೆರ ಹೊಲಿತಾನೆ, ಊರಾಗಿನೋರೆಲ್ಲ ಅವನ್ನ ಮೆಟ್ಟಿಕೊಂಡು ಗುಡಿತನಕ ಹೋಗ್ತಾರೆ. ಈಗ ನಿಮ್ಮನಿ ಎಲ್ಲಿ ಐತೆ, ನೀ ಬಂದು ಬರಿ."

ಮುಮ್ತಾಜ್ ಎದ್ದುಹೋಗಿ ಕೆರೆಯ ಪಕ್ಕ ಒಂದು ಮಸೀದಿ ಬರೆದು, ಮಸೀದಿಯ ಪಕ್ಕ ಒಂದು ಮನೆ ಬರೆದು, ಮನೆಯ ಮುಂದೆ ಬಳೆ ಅಂತ ತಿಳಿಯಲಿ ಅಂತ ನಾಲ್ಕಾರು ಸೊನ್ನೆ ಸುತ್ತಿದಳು. ಆಮೇಲೆ ಎಲ್ಲರಿಗೂ ಬರೆಯಬೇಕಾಯಿತು. ಬೋರ್ಡು ಸಾಲದೆ ನೆಲದ ಮೇಲೆ ಬರೆದೆವು. ಅಂಥ ಪಾಠ ನಾನು ಅಲ್ಲಿಯವರೆಗೆ ಕೂತು ಕೇಳಿರಲಿಲ್ಲ. ಖುಷಿಯೋ ಖುಷಿ. ತಿರುಗಿ ನೋಡಿದರೆ ಅಜ್ಜಿ ಮೊರ ಅಲ್ಲೇ ಬಿಟ್ಟು ಎದ್ದುಹೋಗಿದ್ದಳು. ಬಚ್ಚಲಲ್ಲಿ ತಲೆ ಮೇಲೆ ತಣ್ಣೀರು ಸುರಿದುಕೊಳ್ಳುವ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಬೆಳಿಗ್ಗೆ ಒಂದು ಸಲ ಸ್ನಾನ ಆಗಿತ್ತು ಅವಳದು. ಬಸಮ್ಮಕ್ಕ ಆ ಸದ್ದು ಕೇಳಿಸಿಕೊಂಡೇ ಪಾಠ ಮುಗಿಸಿದಳು, ಮಕ್ಕಳಿಗೆ ಪ್ರಶ್ನೆ ಕೇಳಿದಳು, ಬೋರ್ಡು ಒರೆಸಿದಳು.

ಜನ ಹೋದ ಮೇಲೆ ನೋಡಿದರೆ ಅಜ್ಜಿ ಒದ್ದೆ ತಲೆಯಲ್ಲೇ ಅಡಿಗೆಮನೆಯ ಪಾತ್ರೆಯನ್ನೆಲ್ಲ ಹಿತ್ತಲಿಗೆ ಹಾಕಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ನೋಯುವ ಮುಂಗೈ ಅಂತಲೂ ಲೆಕ್ಕಿಸದೆ ತಿಕ್ಕುತ್ತಿದ್ದಳು. ಬಸಮ್ಮಕ್ಕ ಕೋಣೆಯಲ್ಲಿ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಅಪ್ಪ ಹಿತ್ತಲ ಬಾಗಿಲಲ್ಲಿ ನಿಂತು, ಯವ್ವಾ, ತಪ್ಪು ನಂದು, ನಾನೇ ಮುಚ್ಚಿಟ್ಟಿದ್ದು, ಆ ಹುಡುಗಿಗೆ ಏನೂ ಅನ್ನಬ್ಯಾಡ ಅಂದ. ಬಸಮ್ಮಕ್ಕ ಅವನ ಹಿಂದೆ ಬಂದು ನಿಂತಳು.

"ನಾನೇನೂ ಮುಚ್ಚಿಟ್ಟಿಲ್ಲ. ಬಂದ ದಿನವೇ ಕೇರಿ ಅಂತ ಹೇಳೀನಿ ಅಜ್ಜಿ. ನಿಮಗ ಕೆರಿ ಅಂತ ಕೇಳಿಸ್ತು."

ಅಜ್ಜಿ ತಲೆ ಎತ್ತಲಿಲ್ಲ. "ತಿದ್ದಬೇಕಿತ್ತು."

"ತಿದ್ದಿದ್ರೆ ರೂಮು ಕೊಡ್ತಿದ್ರೇನು?"

ಅಜ್ಜಿ ತಿಕ್ಕುವುದನ್ನು ನಿಲ್ಲಿಸಿದಳು. ಅವಳಲ್ಲಿ ನೂರು ಹುಳುಕು ಇದ್ದಿರಬಹುದು, ಬಾಯಿಮಾತಿಗೆ ಸಿಹಿ ಹಚ್ಚುವ ಹುಳುಕು ಮಾತ್ರ ಇರಲಿಲ್ಲ.

"ಇಲ್ಲ," ಅಂದಳು. "ಕೊಡ್ತಿರಲಿಲ್ಲ. ಈಗ ಕೊಟ್ಟಾಗೈತೆ. ಪರೀಕ್ಷೆ ಮುಗಿಸಿಕೊಂಡು ಹೋಗು. ಅಡಿಗೆಮನಿಗೆ ಮಾತ್ರ ಬರಬ್ಯಾಡ."

ಹಂಗಾದರೆ ನಾನಿಲ್ಲಿ ಇರೋದಿಲ್ಲ ಅಂದಳು ಬಸಮ್ಮಕ್ಕ. ಹೋದರೆ ಪರೀಕ್ಷೆ ಹೋಯಿತು, ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆಗ ಅಪ್ಪ, ನನ್ನಪ್ಪ, ಮಗುವಿನ ಬೆನ್ನ ಹಿಂದೆ ಏನೂ ನೋಡಬೇಡಿ ಅಂತ ವರ್ಷವೆಲ್ಲ ಹೇಳಿದವನು, ಏನಂದ ಗೊತ್ತೇನು? ಇನ್ನು ಸ್ವಲ್ಪ ದಿನ ಅಲ್ಲವೇನಮ್ಮ, ಹೊಂದ್ಕೊಂಡು ಹೋಗು ಅಂದ. ಅಷ್ಟು ಸಾಲದು ಅಂತ, ಪಾಠದಲ್ಲಿ ಆ ಹೆಸರು ಬಿಚ್ಚಿ ಹೇಳುವ ಬದಲು ಹರಿಜನ ಅಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಅಂತಲೂ ಸೇರಿಸಿದ. ನನಗೆ ಅವತ್ತು ಅಪ್ಪನ ಮೇಲೆ ಬಂದಷ್ಟು ಸಿಟ್ಟು ಅಜ್ಜಿಯ ಮೇಲೆ ಬರಲಿಲ್ಲ.

ಅವ್ವ ನುಗ್ಗೆಮರದ ಬುಡಕ್ಕೆ ಹೋಗಿ ಮೂರು ಕಲ್ಲು ಜೋಡಿಸಿ ಒಲೆ ಹೂಡಿದಳು. ತಿಕ್ಕಿಟ್ಟ ಪಾತ್ರೆಗಳನ್ನು ದಾಟಿ ಒಳಗೆ ಹೋಗಿ, ಹಂಚು, ಜೋಳದ ಹಿಟ್ಟಿನ ಡಬ್ಬಿ, ನಮ್ಮ ತಟ್ಟೆಗಳನ್ನು ತಂದು ಮರದ ಕೆಳಗೆ ಇಟ್ಟಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಅಜ್ಜಿಯ ಮುಂದೆ ಬಂದು ನಿಂತಳು.

"ಅತ್ತೆ, ಇಷ್ಟು ದಿನ ನಾನೂ ಈಕಿ ಕೂಡ ಒಂದೇ ಹಿಟ್ಟು ನಾದೀನಿ, ಪಕ್ಕದಾಗ ಕೂತು ಉಂಡೀನಿ. ನನಗ ಮೊದಲೇ ಗೊತ್ತಿತ್ತು. ಈಕಿ ಬರಬಾರ್ದು ಅಂದ್ರೆ ನಾನೂ ಬರಬಾರ್ದು. ಅಡಿಗೆಮನಿ ನಿಮಗಿರ್ಲಿ, ನಾವು ಇಲ್ಲಿ ಮಾಡ್ಕಂತೀವಿ. ಬಸಮ್ಮ, ಟ್ರಂಕು ಒಳಗಿಡು."

ಬಸಮ್ಮಕ್ಕ ಟ್ರಂಕು ಒಳಗಿಟ್ಟು ಬಂದು ಹಿಟ್ಟಿಗೆ ಕೈ ಹಾಕಿದಳು. ಅವತ್ತಿನಿಂದ ಮನೆಯಲ್ಲಿ ಎರಡು ಒಲೆ. ಒಳಗೆ ಅಜ್ಜಿ ಒಬ್ಬಳೇ, ಹೊರಗೆ ನಾವೆಲ್ಲ. ಮೊದಲ ಊಟಕ್ಕೆ ಅಪ್ಪ ಖಾಲಿ ತಟ್ಟೆ ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತ. ಒಳಗೆ ತಾಯಿ, ಹೊರಗೆ ಹೆಂಡತಿ. ಯಾರೂ ಕರೆಯಲಿಲ್ಲ. ಅವ್ವ ನಮಗೆಲ್ಲ ಬಡಿಸಿ ತಾನೂ ಬಸಮ್ಮಕ್ಕನ ಪಕ್ಕ ಕೂತು ರೊಟ್ಟಿ ಮುರಿದಳು. ಎಷ್ಟೋ ಹೊತ್ತಿನ ಮೇಲೆ ಅಪ್ಪ ಇಳಿದು ಬಂದು ಒಗೆಯುವ ಕಲ್ಲಿನ ಮೇಲೆ ಕೂತ. ಅವ್ವ ಬಡಿಸಿದಳು, ಪಲ್ಯ ಮಾತ್ರ ಕೇಳುವವರೆಗೂ ಹಾಕಲಿಲ್ಲ. ಮಾರನೇ ವರ್ಷ ಹೊಸಬರು ಟ್ರೇನಿಂಗಿಗೆ ಬಂದಾಗ ಅಪ್ಪ ಆ ಹಳೆಯ ಮಾತು ಆಡಲಿಲ್ಲ. ಬೋರ್ಡಿನ ಮೇಲೆ ಊರು ಬರೆದು, ಇದರಾಗ ಯಾರ ಮನಿ ಬಿಟ್ಟೀನಿ ಹೇಳ್ರಿ ಅಂತ ಶುರುಮಾಡಿದ. ಅದು ಅವನಿಗೆ ಒಗೆಯುವ ಕಲ್ಲಿನ ಮೇಲೆ ಬಂದ ಬುದ್ಧಿ ಅಂತ ನಾನು, ತಮ್ಮ ಈಗಲೂ ನಗಾಡುತ್ತೇವೆ.

ಅಜ್ಜಿ ಮಣಿಯಲಿಲ್ಲ. ರೊಟ್ಟಿ ಬಡಿಯಲಾಗದೆ ದಿನಾ ಜೋಳದ ನುಚ್ಚು ಮಾಡಿಕೊಂಡು ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದಳು. ನಾನು ಹೊರಗೆ ಉಂಡು, ಆಮೇಲೆ ಹೋಗಿ ಅವಳ ಹೊಸ್ತಿಲ ಮೇಲೆ ಕೂರುತ್ತಿದ್ದೆ. ಅವಳು ಹೊರಗೇನು ಪಲ್ಯ ಮಾಡೀರಿ ಅಂತ ಕೇಳುವಳು, ನಾನು ಹೇಳುವೆನು, ಹೂಂ ಅನ್ನುವಳು. ಬಸಮ್ಮಕ್ಕ ಎದುರಿಗೆ ಬಂದರೆ ಸೆರಗು ಒತ್ತರಿಸಿಕೊಂಡು ಪಕ್ಕಕ್ಕೆ ಸರಿಯುವಳು. ಆದರೆ ಪರೀಕ್ಷೆಯ ದಿನ ಬೆಳಿಗ್ಗೆ, ಆ ಹುಡುಗಿ ಏನಾರ ತಿಂದು ಹೋದ್ಲೇನು ಅಂತ ನನ್ನನ್ನು ಕೇಳಿದ್ದೂ ಅವಳೇ. ಇದಕ್ಕೆಲ್ಲ ಒಂದು ಹೆಸರು ಹಚ್ಚಲು ನನಗೆ ಆಗ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಬಸಮ್ಮಕ್ಕ ಪರೀಕ್ಷಕರ ಮುಂದೆ ಅದೇ ಪಾಠವನ್ನು ಕೇರಿ ಸಮೇತ ಮಾಡಿದಳು. ಪಾಸಾದಳು. ಜಗಳೂರಿನ ಕಡೆ ಒಂದು ಹಳ್ಳಿಗೆ ಆರ್ಡರು ಬಂತು. ಹೊರಡುವ ದಿನ ಅಪ್ಪನಿಗೆ, ಅವ್ವನಿಗೆ ನಮಸ್ಕಾರ ಮಾಡಿದಳು. ಆಮೇಲೆ ನಡುಮನೆಗೆ ಹೋದಳು. ಅಜ್ಜಿ ಮಣೆ ಮೇಲೆ ಕಾಲು ಚಾಚಿ ಕೂತಿದ್ದಳು. ಬಸಮ್ಮಕ್ಕ ಬಗ್ಗಿದಳು. ಅವಳ ಕೈ ಇನ್ನೇನು ಪಾದಕ್ಕೆ ತಾಗಬೇಕು, ಅಜ್ಜಿ ಎರಡೂ ಕಾಲು ಎಳೆದುಕೊಂಡು ಸೀರೆಯೊಳಗೆ ಮುಚ್ಚಿಕೊಂಡಳು. ಅವ್ವನ ಮುಖ ಕೆಂಪೇರಿತು. ಬಸಮ್ಮಕ್ಕ ಬಗ್ಗಿದವಳು ಹಂಗೇ ಇದ್ದಳು.

"ಬ್ಯಾಡ," ಅಂದಳು ಅಜ್ಜಿ. "ನೀ ಈಗ ಅಕ್ಕೋರು. ಅಕ್ಕೋರು ಯಾರ ಕಾಲಿಗೂ ಬೀಳಬಾರ್ದು."

ಬಸಮ್ಮಕ್ಕ ನೆಟ್ಟಗೆ ನಿಂತು, ಬರ್ತೀನ್ರಿ ಅಜ್ಜಿ ಅಂದು, ಟ್ರಂಕು ಎತ್ತಿಕೊಂಡು ಹೊರಟಳು. ಅವ್ವ ಬಸ್‌ ಸ್ಟ್ಯಾಂಡಿನವರೆಗೆ ಹೋಗಿ ಬಂದಳು. ಅಜ್ಜಿ ಅವತ್ತು ಏನೂ ಬೇಯಿಸಿಕೊಳ್ಳಲಿಲ್ಲ.

ಅಜ್ಜಿ ಮೈಲಿಗೆ ಅಂತ ಕಾಲು ಎಳೆದುಕೊಂಡಳೋ, ಮರ್ಯಾದೆಗೆ ಎಳೆದುಕೊಂಡಳೋ, ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡೆ. ಅಜ್ಜಿಯನ್ನು ಕೇಳಿದರೆ ಹೋಗು, ಕೆಲ್ಸ ನೋಡು ಅನ್ನುತ್ತಿದ್ದಳು. ಅಪ್ಪ ಮೈಲಿಗೆ ಅಂತಿದ್ದ, ಅವ್ವ ಏನೂ ಅನ್ನುತ್ತಿರಲಿಲ್ಲ. ಅವರೆಲ್ಲ ಹೋಗಿ ಬಹಳ ಕಾಲದ ಮೇಲೆ, ನಾನೂ ಅಕ್ಕೋರಾಗಿ ತಲೆ ಬೆಳ್ಳಗಾದ ಮೇಲೆ, ದಾವಣಗೆರೆಯ ವಿನೋಬನಗರದಲ್ಲಿ ಬಸಮ್ಮಕ್ಕನ ಮನೆ ಹುಡುಕಿಕೊಂಡು ಹೋದೆ. ಹೆಡ್‌ಮಿಸ್ ಆಗಿ ರಿಟೈರಾಗಿದ್ದಳು. ಅದೇ ಎತ್ತರ, ಅದೇ ಬಿಗಿ ಜಡೆ, ಬಿಳಿಯಾಗಿತ್ತು ಅಷ್ಟೇ. ಚಹಾ ಕುಡಿಯುತ್ತಾ ನನ್ನ ಪ್ರಶ್ನೆ ಕೇಳಿದೆ. ಅವಳು ಸ್ವಲ್ಪ ನಕ್ಕಳು.

"ಮೈಲಿಗೇನೂ ಇತ್ತು, ಮರ್ಯಾದೇನೂ ಇತ್ತು. ಎರಡೂ ಇದ್ವು ಕಣೇ, ನಿಮ್ಮಜ್ಜಿ ಕಣ್ಣಾಗ ನೋಡೀನಿ ನಾನು. ಯಾವುದು ಹೆಚ್ಚಿತ್ತು ಅಂತ ಅಳತೆ ಮಾಡ್ಕೊಂತ ಕೂತಿದ್ರೆ ನನ್ನ ಬಸ್ಸು ತಪ್ಪತಿತ್ತು. ಆಕಿ ಹೇಳಿದ ಮಾತು ತಗೊಂಡೆ, ಹೊಂಟೆ. ಅವತ್ತಿಂದ ನಾನು ಯಾರ ಕಾಲಿಗೂ ಬಿದ್ದಿಲ್ಲ."